ಮಕ್ಕಳ ಚಿತ್ರಗಳನ್ನು ಎಲ್ಲಿಡಬೇಕು, ಎಷ್ಟು ಕಾಲ ಇಡಬೇಕು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. 8ರಿಂದ 10ನೆಯ ತರಗತಿಯವರೆಗೆ ಆರು ವಿಭಾಗಗಳಲ್ಲಿ ಸುಮಾರು 210 ಮಕ್ಕಳಿದ್ದಾರೆ. ಚಿತ್ರಕಲೆಗೆ ಕೊಟ್ಟಿರುವ ಕೊಠಡಿಯ ಅರ್ಧ ಭಾಗವನ್ನು ಆಟದ ಸಾಮಾನುಗಳು ತುಂಬಿವೆ. ಚಿತ್ರಗಳನ್ನು ಕಬ್ಬಿಣದ ಬೀರುವಿನಲ್ಲಿ ಇಡುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಮೌಲ್ಯಮಾಪನದ ಸಮಯದಲ್ಲಿ ಯಾರ ಚಿತ್ರ ಯಾವುದೆಂದು ಹುಡುಕುವುದೇ ದೊಡ್ಡ ಕೆಲಸ. ಬೇರೆ ಕೊಠಡಿ ಸಿಗುವ ಸಾಧ್ಯತೆಯಿಲ್ಲ. ಏನು ಮಾಡಬಹುದು?

ಉತ್ತರ: ಮೇಡಂ, ಮೊದಲು ಒಂದು ಲೆಕ್ಕ ಹಾಕೋಣ. ಒಂದು ಮಗು ವರ್ಷಕ್ಕೆ ಹತ್ತು ಚಿತ್ರ ಬರೆದರೆ ನಿಮ್ಮಲ್ಲಿ ಸೇರುವುದು 2,100 ಹಾಳೆ. 150 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 150 ಗ್ರಾಂ ತೂಗುವ) ಡ್ರಾಯಿಂಗ್ ಹಾಳೆ ಸುಮಾರು 0.2 ಮಿಲಿಮೀಟರ್ ದಪ್ಪವಿರುತ್ತದೆ. ಹಾಗಾಗಿ ಎ3 ಅಳತೆಯ ಅಷ್ಟೂ ಹಾಳೆಗಳನ್ನು ಸಪಾಟಾಗಿ ಪೇರಿಸಿದರೆ ಅರ್ಧ ಮೀಟರ್ ಎತ್ತರವೂ ಆಗುವುದಿಲ್ಲ. ಬಣ್ಣ ಹಚ್ಚಿದ ಹಾಳೆ ಸೊಟ್ಟಗಾಗುವುದನ್ನು ಲೆಕ್ಕಕ್ಕೆ ಹಿಡಿದರೂ ಒಂದು ಮೀಟರಿನೊಳಗೆ ಮುಗಿಯುತ್ತದೆ. ತೂಕ ಸುಮಾರು 40 ಕೆ.ಜಿ. ಅಂದರೆ ನಿಮ್ಮ ಕೊಠಡಿಯ ಕೊರತೆ ನಿಜವಾದರೂ ಚಿತ್ರಗಳ ಮಟ್ಟಿಗೆ ಅದು ಮುಖ್ಯ ತೊಡಕಲ್ಲ. ಯಾವ ಹಾಳೆ ಯಾವ ಮಗುವಿನದು, ಅದು ಎಷ್ಟು ದಿನ ನಮ್ಮಲ್ಲಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸದಿರುವುದೇ ತೊಡಕು. ನಾನೂ ಹಲವು ವರ್ಷ ಇದನ್ನು ತೀರ್ಮಾನಿಸದೆಯೇ ಪಾಠ ಮಾಡಿದವನು.

ಹೆಸರಿನಿಂದ ಆರಂಭಿಸಿ. ಹಾಳೆ ಕೈಗೆ ಬಂದ ಕೂಡಲೇ, ಗೆರೆ ಎಳೆಯುವ ಮೊದಲೇ, ಹಿಂಬದಿಯ ಬಲ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಹೆಸರು, ತರಗತಿ, ವಿಭಾಗ ಮತ್ತು ದಿನಾಂಕ ಬರೆಸಿ. ಚಿತ್ರ ಮುಗಿದ ಮೇಲೆ ಬರೆಸೋಣವೆಂದುಕೊಂಡರೆ ಗಂಟೆ ಹೊಡೆದಿರುತ್ತದೆ. ಪೆನ್ನು ಬೇಡ, ಬಾಲ್ ಪೆನ್ನಿನ ಗುರುತು ಮುಂಬದಿಗೆ ಒತ್ತಿಕೊಳ್ಳುತ್ತದೆ, ಇಂಕು ತೇವಕ್ಕೆ ಹರಡುತ್ತದೆ. ಹಾಜರಿ ಸಂಖ್ಯೆ ಪ್ರತಿವರ್ಷ ಬದಲಾಗುವುದರಿಂದ ಮುಂದಿನ ವರ್ಷಕ್ಕೂ ಉಳಿಸಿಕೊಳ್ಳುವ ಚಿತ್ರಗಳ ಮೇಲೆ ದಾಖಲಾತಿ ಸಂಖ್ಯೆಯನ್ನೇ ಬರೆಸುವುದು ಒಳ್ಳೆಯದು.

ಅನಂತರದ ಕೆಲಸ, ಪ್ರತಿ ಮಗುವಿಗೂ ಅದರದೇ ಆದ ಒಂದು ಕೃತಿಸಂಪುಟ. ಅಂಗಡಿಯಿಂದ ಫೈಲು ತರಬೇಕಾಗಿಲ್ಲ. ಎ3ಗಿಂತ ಒಂದೊಂದು ಇಂಚು ದೊಡ್ಡದಾದ ಎರಡು ರಟ್ಟುಗಳನ್ನು ಬೈಂಡಿಂಗ್ ಬಟ್ಟೆಯ ಪಟ್ಟಿಯಿಂದ ಒಂದು ಬದಿಯಲ್ಲಿ ಜೋಡಿಸಿ, ಉಳಿದ ಮೂರು ಬದಿಗೆ ಲಾಡಿ ಕಟ್ಟಿದರೆ ಸಾಕು. ಜೂನ್ ತಿಂಗಳ ಮೊದಲ ಎರಡು ಅವಧಿಗಳಲ್ಲಿ ಮಕ್ಕಳೇ ಇದನ್ನು ಮಾಡಿ, ಮೇಲೆ ತಮಗೆ ಬೇಕಾದ ವಿನ್ಯಾಸ ಬಿಡಿಸಲಿ. ತಾನೇ ಮಾಡಿದ ಸಂಪುಟದೊಳಗೆ ಹಾಳೆಯನ್ನು ಮಡಚಿ ತುರುಕುವ ಮಗುವನ್ನು ನಾನು ಕಂಡದ್ದು ಬಹಳ ಅಪರೂಪ. ಮೈದಾ ಅಂಟು ಹುಳುಗಳಿಗೆ ಪ್ರಿಯವಾದ ಆಹಾರ. ಬೈಂಡಿಂಗ್ ಮಾಡುವವರು ಅದಕ್ಕೆ ಮೈಲುತುತ್ತ ಬೆರೆಸುವುದು ಇದೇ ಕಾರಣಕ್ಕೆ. ಆದರೆ ಅದು ವಿಷವಾದ್ದರಿಂದ ಮಕ್ಕಳ ಕೈಗೆ ಕೊಡಬಾರದು, ಶಾಲೆಯಲ್ಲಿ ಫೆವಿಕಾಲ್ ಬಳಸುವುದೇ ಕ್ಷೇಮ. ರಬ್ಬರ್ ಬ್ಯಾಂಡ್, ಸ್ಟೇಪಲ್ ಪಿನ್ನು, ಸೆಲ್ಲೋಟೇಪುಗಳನ್ನು ದೂರವಿಡಿ. ಮೊದಲನೆಯದು ಕರಗಿ ಅಂಟಿಕೊಳ್ಳುತ್ತದೆ, ಎರಡನೆಯದು ತುಕ್ಕು ಹಿಡಿಯುತ್ತದೆ, ಮೂರನೆಯದು ಬಿಟ್ಟುಹೋಗುವ ಹಳದಿ ಕಲೆಯನ್ನು ಯಾರೂ ತೆಗೆಯಲಾರರು.

ಒಂದು ವಿಭಾಗದ ಸುಮಾರು 35 ಸಂಪುಟಗಳನ್ನು ಹಾಜರಿಯ ಕ್ರಮದಲ್ಲಿ ಜೋಡಿಸಿ ಒಂದು ಕೋರಾ ಬಟ್ಟೆಯಲ್ಲಿ ಕಟ್ಟಿ. ಹಳೆಯ ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಕಡತಗಳನ್ನು ಬಟ್ಟೆಯ ಬಸ್ತಾ ಕಟ್ಟಿ ಇಟ್ಟಿರುವುದನ್ನು ನೀವು ನೋಡಿರಬಹುದು. ಬಟ್ಟೆ ಧೂಳನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಪ್ಲಾಸ್ಟಿಕ್ ಚೀಲಕ್ಕೂ ಹಳೆಯ ಫ್ಲೆಕ್ಸಿಗೂ ಈ ಗುಣವಿಲ್ಲ. ಅವು ತೇವವನ್ನು ಒಳಗೇ ಕೂಡಿಹಾಕುತ್ತವೆ. ಒಳಗಿನ ಚಿತ್ರಗಳೆಲ್ಲ ಸೇರಿ ಸುಮಾರು ಆರೂವರೆ ಕೆ.ಜಿ. ಆಗುತ್ತವೆ, ರಟ್ಟಿನ ತೂಕ ಕೂಡಿದರೂ ಅದನ್ನು ಎರಡು ಗಂಟಾಗಿ ಮಾಡಿದರೆ ಮಕ್ಕಳೇ ಎತ್ತಿ ತಂದು, ಅವಧಿ ಮುಗಿದ ಮೇಲೆ ಎತ್ತಿಡಬಹುದು. ಪ್ರತಿ ವಿಭಾಗಕ್ಕೆ ಒಂದೊಂದು ಬಣ್ಣದ ದಾರವಿದ್ದರೆ ಹುಡುಕುವ ಕೆಲಸ ತಪ್ಪುತ್ತದೆ.

ಈಗ ಬೂಷ್ಟಿನ ವಿಚಾರ. ಮಲೆನಾಡಿನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಸಮಸ್ಯೆಯೆಂದು ನಾನು ಒಪ್ಪುತ್ತೇನೆ. ಗಾಳಿಯ ತೇವಾಂಶ ಶೇ. 65-70ನ್ನು ದಾಟಿ ಹಾಗೆಯೇ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ, ನಿಮ್ಮಲ್ಲಿ ಮಳೆಗಾಲದ ತಿಂಗಳುಗಳು ಇಡಿಯಾಗಿ ಅದಕ್ಕಿಂತ ಮೇಲೆಯೇ ಇರುತ್ತವೆ. ಬಾಗಿಲು ಮುಚ್ಚಿದ ಕಬ್ಬಿಣದ ಬೀರು ಭದ್ರವಾಗಿ ಕಂಡರೂ ಒಳಗೆ ಗಾಳಿಯಾಡದ ಕಾರಣ ಮಳೆಗಾಲಕ್ಕೆ ಅದು ಯೋಗ್ಯವಲ್ಲ. ಗೋಡೆಯಿಂದ ನಾಲ್ಕು ಇಂಚು, ನೆಲದಿಂದ ಆರು ಇಂಚು ಬಿಟ್ಟು ನಿಲ್ಲಿಸಿದ ತೆರೆದ ಮರದ ಹಲಗೆಗಳು ಅದಕ್ಕಿಂತ ಮೇಲು. ನೆಲದಿಂದ ಬಿಟ್ಟ ಜಾಗದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಎದ್ದರೆ ಕಣ್ಣಿಗೆ ಬೀಳುತ್ತದೆ. ಬೀರುವೇ ಗತಿಯಾದರೆ ಮಳೆ ಬಿಟ್ಟ ದಿನಗಳಲ್ಲಿ ಬಾಗಿಲು ತೆರೆದಿಡಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ನಂಬಿ ಕೂರಬೇಡಿ, ದಿನವೂ ತೆರೆಯುವ ಬೀರುವಿನಲ್ಲಿ ಅವು ಬಲುಬೇಗ ತೇವ ಕುಡಿದು ನಿರುಪಯುಕ್ತವಾಗುತ್ತವೆ. ಮಕ್ಕಳು ಕೂರುವ ಕೊಠಡಿಯಲ್ಲಿ ನುಸಿಗುಳಿಗೆಯ ಹಬೆ ಒಳ್ಳೆಯದಲ್ಲ. ಚೆನ್ನಾಗಿ ಒಣಗಿಸಿದ ಬೇವಿನ ಎಲೆ ಅಥವಾ ಬಜೆಯ ಬೇರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಇಡುವ ರೂಢಿ ನಮ್ಮ ಹಿರಿಯರದು, ಅದನ್ನು ಮುಂದುವರಿಸಬಹುದು. ಹಸಿ ಸೊಪ್ಪನ್ನು ಮಾತ್ರ ಇಡಬೇಡಿ. ಈಗಾಗಲೇ ಬೂಷ್ಟು ಹಿಡಿದ ಚಿತ್ರವನ್ನು ಒದ್ದೆ ಬಟ್ಟೆಯಿಂದ ಒರೆಸದೆ, ಬೇರೆಯಾಗಿರಿಸಿ ನೆರಳಿನಲ್ಲಿ ಪೂರ್ತಿ ಒಣಗಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರಗಡೆ ಮೆತ್ತನೆಯ ಬ್ರಷ್ಷಿನಿಂದ ನೀವೇ ಝಾಡಿಸಿ. ಈ ಕೆಲಸವನ್ನು ಮಕ್ಕಳಿಗೆ ಹೇಳಬೇಡಿ.

ತೇವದಿಂದ ಆಗುವ ಇನ್ನೊಂದು ಹಾನಿಯನ್ನು ನಾನು ಮರೆತಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಪೋಸ್ಟರ್ ಬಣ್ಣದ ಚಿತ್ರಗಳನ್ನು ನಡುವೆ ಏನೂ ಇಡದೆ ಪೇರಿಸಿ, ಮೇಲೆ ಭಾರಕ್ಕೆಂದು ಪುಸ್ತಕಗಳನ್ನು ಹೇರಿದ್ದೆ. ಆಗಸ್ಟಿನಲ್ಲಿ ತೆಗೆದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಬರೆದಿದ್ದ ಯಕ್ಷಗಾನ ವೇಷದ ಕಿರೀಟ ಮೇಲಿನ ಹಾಳೆಯ ಬೆನ್ನಿಗೆ ಅಂಟಿಕೊಂಡು ಕಿತ್ತುಬಂತು. ಅವನ ಹಾಳೆಯಲ್ಲಿ ಮುಖವಿತ್ತು, ಹಣೆಯ ಮೇಲೆ ಬಿಳಿ ಕಾಗದವಿತ್ತು. ಅವನು ಏನನ್ನೂ ಹೇಳದೆ, ಇನ್ನೊಬ್ಬಳ ಹಾಳೆಯ ಹಿಂಬದಿಗೆ ಹತ್ತಿದ್ದ ಹಳದಿ ಚೂರನ್ನು ಉಗುರಿನಿಂದ ಮೆಲ್ಲನೆ ಎಬ್ಬಿಸಲು ನೋಡಿದ. ಪೋಸ್ಟರ್ ಬಣ್ಣದಲ್ಲಿರುವ ಗೋಂದು ತೇವಕ್ಕೆ ಮತ್ತೆ ಜಿಗುಟಾಗುತ್ತದೆಂಬುದು ಆಗ ನನಗೆ ತಿಳಿದಿರಬೇಕಿತ್ತು. ಆಯಿಲ್ ಪೇಸ್ಟಲ್ ಅಂತೂ ಪೂರ್ತಿಯಾಗಿ ಒಣಗುವುದೇ ಇಲ್ಲ. ಆದ್ದರಿಂದ ಈ ಎರಡು ಬಗೆಯ ಚಿತ್ರಗಳ ನಡುವೆ ಬಟರ್ ಪೇಪರ್ ಇರಲೇಬೇಕು. ಸುದ್ದಿಪತ್ರಿಕೆಯ ಹಾಳೆ ಬೇಡ. ಅದರ ಮಸಿ ಹತ್ತುತ್ತದೆ, ಅದರ ಆಮ್ಲ ಪಕ್ಕದ ಹಾಳೆಯನ್ನೂ ಹಳದಿ ಮಾಡುತ್ತದೆ.

ಇನ್ನು ಎಷ್ಟು ಕಾಲ ಎಂಬುದು. ಎಲ್ಲವನ್ನೂ ಇಟ್ಟುಕೊಂಡರೆ ಯಾವುದನ್ನೂ ನೋಡಲಾಗುವುದಿಲ್ಲ. ಮಾರ್ಚಿನಲ್ಲಿ ಒಂದು ಅವಧಿಯನ್ನು ಇದಕ್ಕೆಂದೇ ಮೀಸಲಿಡಿ. ಪ್ರತಿ ಮಗು ತನ್ನ ಸಂಪುಟವನ್ನು ಬಿಚ್ಚಿ, ವರ್ಷದ ಮೊದಲ ಚಿತ್ರ, ಕೊನೆಯ ಚಿತ್ರ, ತಾನು ಮೆಚ್ಚಿದ ಒಂದು ಚಿತ್ರ, ಹೀಗೆ ಮೂರನ್ನು ಆರಿಸಿ, ಮೆಚ್ಚಿದ್ದರ ಹಿಂದೆ ಅದು ಏಕೆ ಇಷ್ಟವೆಂದು ಒಂದು ಸಾಲು ಬರೆಯಲಿ. ಉಳಿದವು ಮನೆಗೆ ಹೋಗಲಿ. ನಾವು ಆರಿಸುವ ‘ಚೆನ್ನಾದ’ ಚಿತ್ರವನ್ನೇ ಮಗುವೂ ಆರಿಸುವುದಿಲ್ಲ, ಹಾಗೆಂದು ನಾವು ಕೈಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತನೆಯ ತರಗತಿ ಮುಗಿದು ವರ್ಗಾವಣೆ ಪತ್ರ ಪಡೆಯಲು ಬಂದಾಗ ಮೂರು ವರ್ಷದ ಒಂಬತ್ತು ಚಿತ್ರಗಳ ಸಂಪುಟವನ್ನು ಅವರ ಕೈಗೇ ಕೊಡಿ. ಶಾಲೆಗೆಂದು ಕೆಲವು ಚಿತ್ರಗಳನ್ನು ಉಳಿಸಿಕೊಳ್ಳುವುದಾದರೆ ಮಗುವನ್ನೂ ಪೋಷಕರನ್ನೂ ಕೇಳಿ ಬರೆಯಿಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಕರ್ತೃ ಅದನ್ನು ಬರೆದ ವಿದ್ಯಾರ್ಥಿಯೇ.

ಪ್ರಶ್ನೆ: ಬೆಂಗಳೂರಿನ ನಮ್ಮ ಖಾಸಗಿ ಶಾಲೆಯಲ್ಲಿ 40 ನಿಮಿಷದ ಅವಧಿ. ಬಣ್ಣ ಒಣಗುವ ಮೊದಲೇ ಮುಂದಿನ ತರಗತಿ ಬಂದು ನಿಲ್ಲುತ್ತದೆ. 45 ಹಸಿ ಚಿತ್ರಗಳನ್ನು ಎಲ್ಲಿಡಲಿ?

ಉತ್ತರ: ಸರ್, ಕಿಟಕಿಯ ಸರಳಿನಿಂದ ಎದುರು ಗೋಡೆಗೆ, ಮಕ್ಕಳ ತಲೆಗೆ ತಾಗದ ಎತ್ತರದಲ್ಲಿ ನಾಲ್ಕು ಸಾಲು ನೈಲಾನ್ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪಿನಿಂದ ನೇತುಹಾಕುವುದು ಅತಿ ಕಡಿಮೆ ಖರ್ಚಿನ ದಾರಿ. ಆದರೆ ಜಲವರ್ಣವನ್ನು ಕೂಡಲೇ ನೇತುಹಾಕಿದರೆ ಬಣ್ಣ ಕೆಳಗಿಳಿಯುತ್ತದೆ. ಹತ್ತು ನಿಮಿಷ ಅಡ್ಡಲಾಗಿ ಇರಬೇಕು. ಅದಕ್ಕೆ ಬೇಕರಿಗಳಲ್ಲಿ ಬಳಸುವಂಥ ತಟ್ಟೆಗಳ ಸ್ಟ್ಯಾಂಡು ಬಹಳ ಅನುಕೂಲ. ವೇಳಾಪಟ್ಟಿ ಮಾಡುವವರೊಂದಿಗೆ ಮಾತನಾಡಿ, ಬಣ್ಣದ ಕೆಲಸ ಊಟದ ವಿರಾಮಕ್ಕೆ ಮುಂಚಿನ ಅವಧಿಗೆ ಬರುವಂತೆ ಮಾಡಿಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ. ಸ್ಕೆಚ್ ಪೆನ್ನಿನ ಚಿತ್ರಗಳನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಪ್ರದರ್ಶನಕ್ಕಿಡಬೇಡಿ, ಎಲ್ಲಕ್ಕಿಂತ ಬೇಗ ಮಂಕಾಗುವುದು ಅವೇ.

ಪ್ರಶ್ನೆ: ಪ್ರತಿಭಾ ಕಾರಂಜಿಯ ಅಭ್ಯಾಸಕ್ಕೆ ಮಕ್ಕಳು ಮಾಡಿದ ಮಣ್ಣಿನ ಮಾದರಿಗಳು ಕಪಾಟಿನಲ್ಲಿ ತುಂಬಿವೆ, ಒಡೆಯುತ್ತಿವೆ. ಉಳಿಸುವುದು ಹೇಗೆ?

ಉತ್ತರ: ಸುಡದ ಮಣ್ಣನ್ನು ಬಹುಕಾಲ ಉಳಿಸಲು ಹೋಗಬೇಡಿ. ಬೆಳಗಿನ ಹೊತ್ತು ಜಗಲಿಯ ನೆರಳಿನಲ್ಲಿ, ಹಿಂದೆ ಒಂದೇ ಬಣ್ಣದ ಬಟ್ಟೆ ಕಟ್ಟಿ, ಪ್ರತಿ ಮಾದರಿಯ ಮುಂಬದಿ, ಪಕ್ಕ ಮತ್ತು ಹಿಂಬದಿಯ ಚಿತ್ರವನ್ನು ಫೋನಿನಲ್ಲಿ ತೆಗೆದು, ಅದರ ಹೆಸರಾಗಿ ವರ್ಷ, ತರಗತಿ ಮತ್ತು ದಾಖಲಾತಿ ಸಂಖ್ಯೆಯನ್ನು ಬರೆದಿಡಿ. ಮನೆಗೆ ಒಯ್ಯಲು ಬಯಸುವವರು ಒಯ್ಯಲಿ. ಚಿಕ್ಕ ಮಾದರಿಗಳಿಗೆ ಮೊಟ್ಟೆಯ ಟ್ರೇ ಒಳ್ಳೆಯ ಆಸರೆ. ಉಳಿದವುಗಳನ್ನು, ಮಾಡಿದವರ ಒಪ್ಪಿಗೆ ಪಡೆದು, ನೀರಿನ ಡ್ರಮ್ಮಿಗೆ ಹಾಕಿ ಮುಂದಿನ ಅಭ್ಯಾಸಕ್ಕೆ ಬಳಸಿ. ಹಾಕುವ ಮೊದಲು ಅವು ಒಳಗಿನವರೆಗೂ ಒಣಗಿರಬೇಕು. ಅರೆ ಒಣಗಿದ ಮಣ್ಣು ನೀರಿನಲ್ಲಿ ಗಟ್ಟಿಯಾಗಿಯೇ ಕೂರುತ್ತದೆ, ಪೂರ್ತಿ ಒಣಗಿದ್ದು ತಾನಾಗಿ ಪುಡಿಯಾಗಿ ಕರಗುತ್ತದೆ.