ಕಾರವಾರದಂಥ ಊರಿನ ಮುಖ್ಯ ರಸ್ತೆಯನ್ನು ನವೀಕರಿಸುವಾಗ ಚರಂಡಿಯ ಲೆಕ್ಕವೇ ಏಕೆ ಮೊದಲು?

ನೀರು ಕೊನೆಗೆ ಹೊರಬೀಳುವ ಜಾಗದ ಮಟ್ಟವೇ ರಸ್ತೆ, ಪಾದಚಾರಿ ಮಾರ್ಗ ಹಾಗೂ ಅಂಗಡಿಗಳ ಮೆಟ್ಟಿಲುಗಳ ಎತ್ತರವನ್ನು ನಿರ್ಧರಿಸುವುದರಿಂದ ಚರಂಡಿಯ ಲೆಕ್ಕ ಮೊದಲು ಬರಬೇಕು. ಇಳಿಜಾರನ್ನು ಸಮುದ್ರದ ಅಥವಾ ಕಾಳಿ ನದಿಯ ಅಂಚಿನಿಂದ ಆರಂಭಿಸಿ ಊರಿನ ಕಡೆಗೆ ಎಣಿಸುತ್ತ ಬರಬೇಕಾಗುತ್ತದೆ.

ಈ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಜೋರು ಮಳೆಯೂ ಸಮುದ್ರದ ಭರತವೂ ಒಟ್ಟಿಗೆ ಬಂದಾಗ ಚರಂಡಿಯ ಬಾಯಿಯ ಹೊರಗಿನ ನೀರೇ ಏರಿರುವುದರಿಂದ, ಒಳಗಿನ ನೀರು ಹರಿದುಹೋಗಲಾರದೆ ಬೀದಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಇಳಿತ ಬರುವವರೆಗೆ ನೀರನ್ನು ಹಿಡಿದಿಡುವಷ್ಟು ಅಗಲವಾದ ಚರಂಡಿಯೂ, ಹೊರಗಿನ ನೀರು ಒಳನುಗ್ಗದಂತೆ ತಡೆಯುವ ಏಕಮುಖ ಬಾಗಿಲೂ ಬೇಕು. ಇದನ್ನು ಬಿಟ್ಟು ಹಳೆಯ ಡಾಂಬರಿನ ಮೇಲೆ ಮತ್ತೆ ಮತ್ತೆ ಡಾಂಬರು ಹಾಕಿದರೆ ರಸ್ತೆ ಏರುತ್ತದೆ, ಅಂಗಡಿಗಳು ತಗ್ಗಿಗೆ ಬೀಳುತ್ತವೆ. ಇದು ವ್ಯಾಪಾರಿಗಳಿಗೆ ನಿಜವಾದ ಅನ್ಯಾಯ.

ಅನಂತರ ಕೊಳವೆ ಮತ್ತು ಕೇಬಲ್‌ಗಳನ್ನು, ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ರಸ್ತೆ ನವೀಕರಣ ಯೋಜನೆಯಲ್ಲಿ ಮಾಡಿದಂತೆ, ಪಾದಚಾರಿ ಮಾರ್ಗದ ಕೆಳಗೆ ಅಳವಡಿಸಬೇಕು. ಆಗ ದುರಸ್ತಿಗಾಗಿ ರಸ್ತೆಯನ್ನೇ ಅಗೆಯಬೇಕಾಗುವುದಿಲ್ಲ. ನೆರಳಿನ ಮರಗಳಿಗೂ ಮೀನು ಮಾರುವ ಮಹಿಳೆಯರಿಗೂ ಜಾಗವನ್ನು ನಕ್ಷೆಯಲ್ಲೇ ಗುರುತಿಸುವುದು ಅಗತ್ಯವೆಂದು ನಾನು ನಂಬುತ್ತೇನೆ. ಅಗೆಯುವ ಕೆಲಸವೆಲ್ಲ ಮುಂಗಾರಿಗೆ ಮೊದಲೇ ಮುಗಿಯಬೇಕು.