ಸಂಪಾದಕರ ಉತ್ತರ: ‘ಹ್ಯಾವ್’ ಇರುವುದೂ ಹೌದು, ನಡೆಯುವುದೂ ಹೌದು

ಮಾನ್ಯರೇ,

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ತಾವು ‘ಹ್ಯಾವ್’ ಎಂಬ ಒಂದೇ ಕ್ರಿಯಾಪದದ ಬಗ್ಗೆ ನಾಲ್ಕು ಪ್ರಶ್ನೆಗಳನ್ನು ಕಳುಹಿಸಿದ್ದೀರಿ. ನಿಘಂಟಿನಲ್ಲಿ ಅದಕ್ಕೆ ಪುಟಗಟ್ಟಲೆ ಅರ್ಥಗಳಿರುವಾಗ ಮಕ್ಕಳಿಗೆ ಯಾವುದನ್ನು ಹೇಳಿಕೊಡುವುದು? ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿಯಾದರೆ ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಏಕೆ ತಪ್ಪು? ‘ಹ್ಯಾಡ್ ಹ್ಯಾಡ್’ ಎಂದು ಒಂದರ ಪಕ್ಕ ಒಂದು ಬರುವುದು ಅಚ್ಚಿನ ದೋಷವೇ? ‘ಡು ಯು ಹ್ಯಾವ್ ಎ ಪೆನ್’ ಎಂಬುದು ಅಮೆರಿಕದವರ ಇಂಗ್ಲಿಷ್, ಶುದ್ಧ ರೂಪ ‘ಹ್ಯಾವ್ ಯು ಎ ಪೆನ್’ ಎಂದು ಹಟ ಹಿಡಿದಿರುವ ಹಿರಿಯ ಸಹೋದ್ಯೋಗಿಗೆ ಏನು ಹೇಳುವುದು? ನಮ್ಮ ಓದುಗರಲ್ಲಿ ಶಿಕ್ಷಕರೂ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಯರೂ ಬಹಳ ಮಂದಿ ಇರುವುದರಿಂದ ಈ ಪತ್ರಕ್ಕೆ ಎರಡು ಸಾಲಿನ ಉತ್ತರ ಸಾಲದು.

ಮೊದಲಿಗೆ ಒಂದು ಮಾತು. ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲವೆಂದೇ ನನ್ನ ಅಭಿಪ್ರಾಯ. ಕನ್ನಡದ ಮಗುವಿಗೆ ಈ ಪದ ತೊಡಕಾಗುವುದು ಅದಕ್ಕೆ ಅರ್ಥಗಳು ಹೆಚ್ಚಾಗಿರುವುದರಿಂದಲ್ಲ, ಅಂಥದೊಂದು ಕ್ರಿಯಾಪದವೇ ಕನ್ನಡದಲ್ಲಿ ಇಲ್ಲದಿರುವುದರಿಂದ. ‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’, ‘ನನ್ನ ಹತ್ತಿರ ಐನೂರು ರೂಪಾಯಿ ಇದೆ’, ‘ಈ ಪುಸ್ತಕದಲ್ಲಿ ಮುನ್ನೂರು ಪುಟಗಳಿವೆ’, ‘ಈ ಮನೆಗೆ ಎರಡು ಬಾಗಿಲು’, ‘ಅವಳಿಗೆ ಜ್ವರ’, ‘ವಾರಕ್ಕೆ ಏಳು ದಿನ’ ಎಂಬ ಆರು ವಾಕ್ಯಗಳನ್ನು ನೋಡಿ. ಇಂಗ್ಲಿಷಿನಲ್ಲಿ ಇವೆಲ್ಲವನ್ನೂ ‘ಹ್ಯಾವ್’ ಅಥವಾ ‘ಹ್ಯಾಸ್’ ಒಂದರಿಂದಲೇ ಹೇಳಬಹುದು. ಕನ್ನಡದಲ್ಲಿಯಾದರೋ ಕೆಲಸ ಮಾಡುವುದು ‘ಇರು’ ಎಂಬ ಕ್ರಿಯಾಪದ, ಕೊನೆಯ ಮೂರರಲ್ಲಿ ಅದೂ ಇಲ್ಲ. ಯಾರಿಗೆ, ಯಾರ ಬಳಿ, ಯಾವುದರಲ್ಲಿ ಎಂಬುದನ್ನು ವಿಭಕ್ತಿಯೇ ಹೇಳಿಬಿಡುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ‘ನನ್ನ ಹತ್ತಿರ ಇಬ್ಬರು ಅಕ್ಕಂದಿರಿದ್ದಾರೆ’ ಎಂದರೆ ಅವರು ಸದ್ಯ ನನ್ನೊಡನೆ ಬಂದು ಉಳಿದಿದ್ದಾರೆ ಎಂದಾಗುತ್ತದೆಯೇ ಹೊರತು ನನಗೆ ಎಷ್ಟು ಮಂದಿ ಅಕ್ಕಂದಿರು ಎಂಬುದು ತಿಳಿಯುವುದಿಲ್ಲ. ಇಂಗ್ಲಿಷ್ ಒಂದೇ ಪದದಲ್ಲಿ ಮುಚ್ಚಿಡುವ ಈ ಬಗೆಗಳನ್ನು ಕನ್ನಡ ಬಿಡಿಸಿ ತೋರಿಸುತ್ತದೆ.

ಇದು ಕನ್ನಡದ ಕೊರತೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಹಿಂದಿಯವರು ‘ಮೇರೇ ಪಾಸ್ ಹೈ’ ಎನ್ನುತ್ತಾರೆ, ಸಂಸ್ಕೃತದಲ್ಲಿ ‘ಮಮ ಅಸ್ತಿ’ ಎಂದರೆ ಸಾಕು, ರಷ್ಯನ್ನರು ಹೇಳುವುದೂ ‘ನನ್ನ ಬಳಿ ಇದೆ’ ಎಂದೇ. ಇಂಗ್ಲಿಷಿನ ಅಕ್ಕಪಕ್ಕದಲ್ಲೇ ಬದುಕಿರುವ ಐರಿಷ್ ಮತ್ತು ವೆಲ್ಷ್ ಭಾಷೆಗಳಲ್ಲೂ ಪುಸ್ತಕ ‘ನನ್ನಲ್ಲಿ ಇರುತ್ತದೆ’, ಅದನ್ನು ‘ಹ್ಯಾವ್’ ಮಾಡುವ ಕ್ರಿಯಾಪದವಿಲ್ಲ. ಲ್ಯಾಟಿನ್ನಿನಲ್ಲಿ ಎರಡು ಬಗೆಯೂ ಇದ್ದವು. ‘ಹ್ಯಾವ್’ ಇರುವ ಭಾಷೆಗಳೂ ಅದನ್ನು ಒಂದೇ ರೀತಿ ಬಳಸುವುದಿಲ್ಲ. ಫ್ರೆಂಚರು ಹಸಿವನ್ನೂ ವಯಸ್ಸನ್ನೂ ‘ಹ್ಯಾವ್’ಗೆ ಸಮಾನವಾದ ತಮ್ಮ ಕ್ರಿಯಾಪದದಿಂದಲೇ ಹೇಳುತ್ತಾರೆ. ಇಂಗ್ಲಿಷರು ಮಾತ್ರ ಅಲ್ಲಿ ‘ಐ ಆ್ಯಮ್ ಹಂಗ್ರಿ’, ‘ಐ ಆ್ಯಮ್ ಟ್ವೆಂಟಿ’ ಎಂದು ‘ಇರು’ವಿನ ಕಡೆಗೆ ವಾಲುತ್ತಾರೆ. ‘ನನಗೆ ಹಸಿವು’, ‘ನನಗೆ ಇಪ್ಪತ್ತು ವರ್ಷ’ ಎನ್ನುವ ನಮಗೆ ಈ ವಿಷಯದಲ್ಲಿ ಫ್ರೆಂಚರೇ ಹೆಚ್ಚು ಹತ್ತಿರದವರಂತೆ ಕಾಣುತ್ತಾರೆ.

ತಮ್ಮ ಎರಡನೆಯ ಪ್ರಶ್ನೆಯ ಉತ್ತರಕ್ಕೆ ಈ ಪದದ ಹುಟ್ಟಿನಲ್ಲಿಯೇ ಸುಳುಹು ಸಿಗುತ್ತದೆ. ಲ್ಯಾಟಿನ್ನಿನ ‘ಹಬೇರೆ’ ಎಂಬ ಪದಕ್ಕೂ ‘ಹ್ಯಾವ್’ಗೂ ರೂಪ ಮತ್ತು ಅರ್ಥ ಎರಡೂ ಹೊಂದುವುದರಿಂದ ಇವು ಒಂದೇ ಮೂಲದವೆಂದು ಯಾರಿಗಾದರೂ ಅನಿಸಬೇಕು. ಭಾಷಾವಿಜ್ಞಾನಿಗಳು ಹಾಗೆ ಒಪ್ಪುವುದಿಲ್ಲ. ಇಂಗ್ಲಿಷ್, ಜರ್ಮನ್ ಮೊದಲಾದವು ಸೇರುವ ಜರ್ಮನಿಕ್ ಭಾಷೆಗಳಲ್ಲಿ ಪದದ ಮೊದಲ ‘ಕ’ಕಾರ ‘ಹ’ಕಾರವಾಗುವ ನಿಯಮದಂತೆ ‘ಹ್ಯಾವ್’ನ ನಿಜವಾದ ಬಂಧು ‘ಹಿಡಿ’ ಎಂಬ ಅರ್ಥದ ಲ್ಯಾಟಿನ್ ಪದ ‘ಕಪೆರೆ’. ಇಂಗ್ಲಿಷಿನ ‘ಕ್ಯಾಪ್ಚರ್’, ‘ಕ್ಯಾಪ್ಟಿವ್’ ಬಂದಿರುವುದೂ ಅಲ್ಲಿಂದಲೇ. ಹಿಡಿಯುವುದು ಒಂದು ಕ್ರಿಯೆ. ಹಿಡಿದದ್ದು ಕೈಯಲ್ಲಿ ಉಳಿಯುವುದು ಒಂದು ಸ್ಥಿತಿ. ಇಂದಿನ ‘ಹ್ಯಾವ್’ ಮುಖ್ಯವಾಗಿ ಸ್ಥಿತಿಯನ್ನು ಹೇಳುತ್ತದೆ, ಆದರೆ ಊಟ, ಸ್ನಾನ, ಸಭೆ, ಜಗಳ ಮೊದಲಾದ ಪದಗಳೊಡನೆ ಸೇರಿದಾಗ ಕ್ರಿಯೆಯನ್ನೂ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ಇಂಗ್’ ಹಚ್ಚಿ ವರ್ತಮಾನದಲ್ಲಿ ನಡೆಯುತ್ತಿದೆ ಎನ್ನಬೇಕಾದರೆ ಅದು ನಡೆಯುವಂಥದ್ದೇ ಆಗಿರಬೇಕು. ಅಕ್ಕಂದಿರು ಇರುವುದು ಯಾರೂ ಮಾಡುತ್ತಿರುವ ಕೆಲಸವಲ್ಲವಾದ್ದರಿಂದ ಅಲ್ಲಿ ‘ಐ ಹ್ಯಾವ್ ಟೂ ಸಿಸ್ಟರ್ಸ್’ ಎಂಬುದೊಂದೇ ಸರಿಯಾದ ರೂಪ.

ತರಗತಿಯಲ್ಲಿ ಇದನ್ನು ಹೇಳಿಕೊಡಲು ವ್ಯಾಕರಣದ ಪರಿಭಾಷೆ ಬೇಕಾಗಿಲ್ಲ. ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ. ಅದು ಬರಿಯ ‘ಇದೆ’, ‘ಇದ್ದಾರೆ’ ಎಂದು ಮುಗಿದರೆ ‘ಹ್ಯಾವಿಂಗ್’ ಸಲ್ಲದು. ತಿನ್ನು, ಕುಡಿ, ನಡೆಸು, ಆಗು ಎಂಬಂಥ ಬೇರೆ ಕ್ರಿಯಾಪದ ತಾನಾಗಿ ಬಂದರೆ ಸಲ್ಲುತ್ತದೆ. ‘ವಿ ಆರ್ ಹ್ಯಾವಿಂಗ್ ಎ ಮೀಟಿಂಗ್’ ಎಂದರೆ ಸಭೆ ನಡೆಸುತ್ತಿದ್ದೇವೆ. ‘ಐ ಆ್ಯಮ್ ಹ್ಯಾವಿಂಗ್ ಟ್ರಬಲ್’ ಎಂದರೆ ತೊಂದರೆಯಾಗುತ್ತಿದೆ. ‘ಶಿ ಹ್ಯಾಸ್ ಎ ಬೇಬಿ’ ಎಂದರೆ ಅವಳಿಗೆ ಮಗುವಿದೆ, ‘ಶಿ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಅವಳು ಬಸುರಿ ಅಥವಾ ಹೆರುತ್ತಿದ್ದಾಳೆ. ಈ ಜೋಡಿಯನ್ನು ಒಮ್ಮೆ ಕೇಳಿದ ಮಕ್ಕಳು ಮರೆಯುವುದಿಲ್ಲ. ಈ ಪರೀಕ್ಷೆ ಎಲ್ಲ ಕಡೆಯೂ ಗೆಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು: ನಮಗೆ ‘ತಲೆ ನೋಯುತ್ತಿದೆ’, ಇಂಗ್ಲಿಷಿನಲ್ಲಿ ಮಾತ್ರ ‘ಐ ಹ್ಯಾವ್ ಎ ಹೆಡೇಕ್’. ಅಂಥವನ್ನು ಬಿಡಿಬಿಡಿಯಾಗಿಯೇ ಕಲಿಯಬೇಕು.

ಈ ತಪ್ಪು ನಮ್ಮ ಮಕ್ಕಳ ಬಾಯಲ್ಲಿ ಏಕೆ ಇಷ್ಟು ಗಟ್ಟಿಯಾಗಿ ಕೂತಿದೆ ಎಂಬುದಕ್ಕೆ ನನ್ನದೊಂದು ಅಂದಾಜಿದೆ. ನಾವು ‘ಹ್ಯಾವ್’ಗೆ ‘ಹೊಂದಿದ್ದೇನೆ’ ಎಂಬ ಅರ್ಥವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ‘ಬರೆಯುತ್ತಿದ್ದೇನೆ’ ಎಂಬುದಕ್ಕೆ ‘ಐ ಆ್ಯಮ್ ರೈಟಿಂಗ್’ ಎಂದೂ ಕಲಿಸಿರುತ್ತೇವೆ. ಎರಡರ ಕೊನೆಯಲ್ಲೂ ‘ಇದ್ದೇನೆ’ ಕೇಳಿಸುವ ಮಗು ಎರಡಕ್ಕೂ ‘ಆ್ಯಮ್’ ಮತ್ತು ‘ಇಂಗ್’ ಹಚ್ಚಿದರೆ ಅದು ದಡ್ಡತನವಲ್ಲ, ನಮ್ಮ ಪಾಠದಿಂದ ಅದು ತೆಗೆದ ತರ್ಕಬದ್ಧ ತೀರ್ಮಾನ.

ಇನ್ನು ‘ಹ್ಯಾಡ್ ಹ್ಯಾಡ್’ ವಿಷಯ. ಅದು ಅಚ್ಚಿನ ದೋಷವಲ್ಲ, ಆದರೆ ಅದನ್ನು ವಿವರಿಸಬೇಕಾದರೆ ‘ಹ್ಯಾವ್’ ಸಹಾಯಕ ಕ್ರಿಯಾಪದವಾದ ಬಗೆಯನ್ನು ನೋಡಬೇಕು. ‘ಐ ಹ್ಯಾವ್ ರಿಟನ್ ಎ ಲೆಟರ್’ ಎಂಬ ವಾಕ್ಯರಚನೆ ಹಳೆಯ ಇಂಗ್ಲಿಷಿನಲ್ಲಿ ‘ಬರೆದುಮುಗಿದ ಕಾಗದ ನನ್ನಲ್ಲಿದೆ’ ಎಂಬ ಅರ್ಥದ ರಚನೆಯಿಂದ ಬೆಳೆದದ್ದು. ಆಗ ‘ರಿಟನ್’ ಎಂಬುದು ಕಾಗದಕ್ಕೆ ವಿಶೇಷಣ. ಕಾಲಕ್ರಮದಲ್ಲಿ ಕಾಗದ ಕೈಯಲ್ಲಿದೆಯೋ ಇಲ್ಲವೋ ಎಂಬುದು ಹಿಂದೆ ಸರಿದು, ಬರೆಯುವ ಕೆಲಸ ಮುಗಿದಿದೆ ಎಂಬ ಅರ್ಥವೇ ಮುಂದೆ ಬಂತು. ಹೋಗು, ಬಾ, ಏಳು ಮೊದಲಾದ ಕ್ರಿಯಾಪದಗಳಿಗೆ ಇಂಗ್ಲಿಷಿನಲ್ಲೂ ಬಹುಕಾಲ ‘ಇರು’ವೇ ಸಹಾಯಕವಾಗಿತ್ತು. 1611ರ ಬೈಬಲ್ ಅನುವಾದದಲ್ಲಿ ಕ್ರಿಸ್ತನು ಎದ್ದಿದ್ದಾನೆ ಎಂಬುದಕ್ಕೆ ‘ಹಿ ಈಸ್ ರಿಸನ್’ ಎಂದಿದೆಯೇ ಹೊರತು ‘ಹಿ ಹ್ಯಾಸ್ ರಿಸನ್’ ಎಂದಲ್ಲ. ಜರ್ಮನ್ ಮತ್ತು ಫ್ರೆಂಚಿನಲ್ಲಿ ಆ ಪದ್ಧತಿ ಇಂದಿಗೂ ಉಳಿದಿದೆ. ಕನ್ನಡದ ‘ಎದ್ದಿದ್ದಾನೆ’ ಎಂಬುದನ್ನು ಬಿಡಿಸಿದರೆ ‘ಎದ್ದು’ ಮತ್ತು ‘ಇದ್ದಾನೆ’. ಅಂದರೆ ಇಂಗ್ಲಿಷ್ ‘ಹ್ಯಾವ್’ನಿಂದ ಮಾಡುವ ಎರಡು ದೊಡ್ಡ ಕೆಲಸಗಳನ್ನು, ಒಡೆತನ ಹೇಳುವುದನ್ನೂ ಮುಗಿದದ್ದನ್ನು ಹೇಳುವುದನ್ನೂ, ಕನ್ನಡ ‘ಇರು’ವಿನಿಂದ ಮಾಡುತ್ತದೆ. ಈ ಒಂದು ಸಾಮ್ಯವನ್ನು ಹಿಡಿದರೆ ಉಳಿದದ್ದು ಸುಲಭ.

‘ಹಣ ಇದ್ದಿದ್ದರೆ ಕೊಳ್ಳುತ್ತಿದ್ದೆ’ ಎಂದು ನಾವು ದಿನವೂ ಹೇಳುತ್ತೇವೆ. ‘ಇದ್ದಿದ್ದರೆ’ ಎಂಬುದರಲ್ಲಿ ‘ಇದ್ದು’, ‘ಇದ್ದರೆ’ ಎಂದು ‘ಇರು’ ಎರಡು ಸಲ ಬಂದಿರುವುದನ್ನು ಯಾರೂ ಅಚ್ಚಿನ ದೋಷ ಎನ್ನುವುದಿಲ್ಲ. ಅದರ ಇಂಗ್ಲಿಷ್ ರೂಪವೇ ‘ಇಫ್ ಐ ಹ್ಯಾಡ್ ಹ್ಯಾಡ್ ದ ಮನಿ’. ಒಂದು ‘ಹ್ಯಾಡ್’ ಹಣದ ಇರುವಿಕೆಯನ್ನೂ ಇನ್ನೊಂದು ಕಾಲವನ್ನೂ ಹೇಳುತ್ತದೆ. ಹನ್ನೊಂದು ‘ಹ್ಯಾಡ್’ಗಳನ್ನು ಸಾಲಾಗಿ ನಿಲ್ಲಿಸಿ, ಎಲ್ಲಿ ಅಲ್ಪವಿರಾಮ ಹಾಕಬೇಕೆಂದು ಕೇಳುವ ಒಂದು ಒಗಟೂ ಇಂಗ್ಲಿಷಿನಲ್ಲಿದೆ, ಅದನ್ನು ಪರೀಕ್ಷೆಯಲ್ಲಿ ಕೇಳುವವರು ಮಕ್ಕಳ ಮೇಲೆ ಸೇಡು ತೀರಿಸಿಕೊಳ್ಳುವವರು. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ‘ಕುಡ್ ಹ್ಯಾವ್’ ಎಂಬುದು ವೇಗದ ಮಾತಿನಲ್ಲಿ ‘ಕುಡ್ ಆಫ್’ ಎಂಬಂತೆ ಕೇಳಿಸುವುದರಿಂದ ಹಾಗೆಯೇ ಬರೆದು ತಪ್ಪುತ್ತಾರೆ ಎಂಬುದನ್ನು ತಮ್ಮ ಮಕ್ಕಳಿಗೆ ಹೇಳಿದರೆ ಅವರಿಗೆ ಸ್ವಲ್ಪ ಸಮಾಧಾನವಾದೀತು.

ತಾವು ಕೇಳದಿದ್ದರೂ ಇನ್ನೆರಡು ಬಳಕೆಗಳನ್ನು ಸೇರಿಸುವುದು ಅಗತ್ಯ. ಒಂದು, ‘ಹ್ಯಾವ್ ಟು’. ‘ಬರೆಯಬೇಕಾದ ಕಾಗದವೊಂದು ನನಗಿದೆ’ ಎಂಬುದರಿಂದ ‘ನಾನು ಕಾಗದ ಬರೆಯಬೇಕು’ ಎಂಬ ಅರ್ಥಕ್ಕೆ ಬಂದ ರೂಪ ಇದು. ಮಾತಿನಲ್ಲಿ ಇದು ‘ಹ್ಯಾಫ್ ಟು’ ಎಂದು ಕೇಳಿಸುತ್ತದೆ. ಇಲ್ಲಿ ಗಮನ ಕೊಡಬೇಕಾದದ್ದು ನಿಷೇಧರೂಪಕ್ಕೆ. ‘ಯು ಮಸ್ಟ್ ನಾಟ್ ಪೇ’ ಎಂದರೆ ಹಣ ಕೊಡಕೂಡದು, ‘ಯು ಡೋಂಟ್ ಹ್ಯಾವ್ ಟು ಪೇ’ ಎಂದರೆ ಕೊಡಬೇಕಾಗಿಲ್ಲ. ‘ಮಸ್ಟ್’ ಮತ್ತು ‘ಹ್ಯಾವ್ ಟು’ ಎರಡಕ್ಕೂ ‘ಬೇಕು’ ಎಂದಷ್ಟೇ ಅರ್ಥ ಬರೆಸಿದರೆ ಈ ಭೇದ ಕೈತಪ್ಪುತ್ತದೆ.

ಇನ್ನೊಂದು, ಬೇರೆಯವರಿಂದ ಮಾಡಿಸುವ ಅರ್ಥ. ಇದರಲ್ಲಿ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಮಕ್ಕಳಿಗಿಲ್ಲದ ಅನುಕೂಲವೊಂದಿದೆ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ. ಕಟ್ಟು, ಕಟ್ಟಿಸು, ಮಾಡು, ಮಾಡಿಸು, ಬರೆ, ಬರೆಸು ಎಂಬ ಭೇದ ನಮಗೆ ಹುಟ್ಟಿನಿಂದ ಬಂದದ್ದು. ಗಾರೆಯವರಿಂದ ಮನೆ ಕಟ್ಟಿಸಿದವನು ‘ನಾನು ಮನೆ ಕಟ್ಟಿಸಿದೆ’ ಎನ್ನುವಂತೆಯೇ ‘ಐ ಹ್ಯಾಡ್ ಎ ಹೌಸ್ ಬಿಲ್ಟ್’ ಎನ್ನಬೇಕು. ಪದಗಳ ಕ್ರಮ ಬದಲಾಗಿ ‘ಐ ಹ್ಯಾಡ್ ಬಿಲ್ಟ್ ಎ ಹೌಸ್’ ಎಂದಾದರೆ ಅರ್ಥ ‘ಕಟ್ಟಿದ್ದೆ’ ಎಂದು ತಿರುಗುತ್ತದೆ. ಆದರೆ ಇದೇ ರಚನೆಯಲ್ಲಿ ‘ಐ ಹ್ಯಾಡ್ ಮೈ ಫೋನ್ ಸ್ಟೋಲನ್’ ಎಂದು ಬಂದಾಗ ‘ಇಸು’ ಪ್ರತ್ಯಯವನ್ನು ನಂಬಿ ‘ಫೋನು ಕದಿಸಿದೆ’ ಎಂದು ಬರೆಯುವ ಹುಡುಗ ಪೊಲೀಸರ ಕೈಗೆ ಸಿಕ್ಕಾನು. ಅಲ್ಲಿ ಮಾಡಿಸಿದ್ದು ಏನೂ ಇಲ್ಲ, ಬಂದದ್ದನ್ನು ಅನುಭವಿಸಿದ್ದು ಅಷ್ಟೇ. ನಮ್ಮ ಮಾತಿನಲ್ಲಿ ಅದು ‘ನನ್ನ ಫೋನು ಕಳವಾಯಿತು’.

ತಮ್ಮ ಪ್ರಶ್ನೆಗಳನ್ನು ದಾಟಿ ಸಂಪಾದಕನಾಗಿ ನನ್ನದೊಂದು ದೂರನ್ನು ಇಲ್ಲಿಯೇ ದಾಖಲಿಸುತ್ತೇನೆ. ‘ಹ್ಯಾವ್’ನಿಂದ ತೊಂದರೆಯಾಗಿರುವುದು ನಮ್ಮ ಇಂಗ್ಲಿಷಿಗೆ ಮಾತ್ರವಲ್ಲ, ಕನ್ನಡಕ್ಕೂ. ‘ಅವರು ಮೂವರು ಮಕ್ಕಳನ್ನು ಹೊಂದಿದ್ದಾರೆ’, ‘ಈ ತಾಲ್ಲೂಕು ಇಪ್ಪತ್ತು ಕೆರೆಗಳನ್ನು ಹೊಂದಿದೆ’, ‘ನಾನು ಆ ಬಗ್ಗೆ ಮಾಹಿತಿ ಹೊಂದಿಲ್ಲ’ ಎಂಬ ವಾಕ್ಯಗಳು ಬರಹಗಳಲ್ಲಿ ಈಗ ಎಷ್ಟು ಸಾಮಾನ್ಯವಾಗಿವೆಯೆಂದರೆ ಅವುಗಳನ್ನು ತಿದ್ದಿದಾಗ ಲೇಖಕರಿಗೆ ಆಶ್ಚರ್ಯವಾಗುತ್ತದೆ. ‘ಹೊಂದು’ ಒಳ್ಳೆಯ ಕನ್ನಡ ಪದವೇ. ಬಾಗಿಲು ಚೌಕಟ್ಟಿಗೆ ಹೊಂದುತ್ತದೆ, ಅತ್ತೆ ಸೊಸೆ ಹೊಂದಿಕೊಂಡು ಹೋಗುತ್ತಾರೆ, ಊರು ಅಭಿವೃದ್ಧಿ ಹೊಂದುತ್ತದೆ. ಸೇರುವುದು, ಒಗ್ಗುವುದು, ಪಡೆಯುವುದು ಅದರ ಅರ್ಥಗಳು. ಅದನ್ನು ‘ಹ್ಯಾವ್’ನ ಸಮಾನಪದವೆಂದು ದುಡಿಸಿ, ‘ಅವರಿಗೆ ಮೂವರು ಮಕ್ಕಳು’ ಎಂಬ ಮೂರು ಪದಗಳ ಪೂರ್ಣ ವಾಕ್ಯವನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ. ದಾನಪತ್ರ, ಕ್ರಯಪತ್ರಗಳಲ್ಲಿ ‘ಹಕ್ಕು ಹೊಂದಿರುತ್ತಾರೆ’ ಎಂಬುದು ರೂಢಿಯಾಗಿದ್ದರೆ ಇರಲಿ. ಮನುಷ್ಯರ ನಡುವಿನ ಸಂಬಂಧ ಹೇಳುವಾಗ ಅದು ಬೇಡ. ತರಗತಿಯಲ್ಲಿಯೂ ‘ಹ್ಯಾವ್’ಗೆ ‘ಹೊಂದು’ ಎಂಬ ಅರ್ಥವನ್ನು ಅಳಿಸಿಹಾಕಿ, ‘ನನಗೆ ಇದೆ, ನನ್ನ ಹತ್ತಿರ ಇದೆ, ನನ್ನಲ್ಲಿ ಇದೆ’ ಎಂದು ಬರೆಸಿದರೆ ಒಂದೇ ಏಟಿಗೆ ಎರಡು ಭಾಷೆಗಳೂ ನೇರವಾಗುತ್ತವೆ.

ಅಂಕದ ಮಾತು. ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂದು ಭಾರತದಲ್ಲಿ ಕೋಟಿಗಟ್ಟಲೆ ಜನ ಹೇಳುತ್ತಾರೆ, ಎಲ್ಲರಿಗೂ ಅರ್ಥವೂ ಆಗುತ್ತದೆ. ಮಾತಿನ ನಡುವೆ ಮಗುವನ್ನು ತಡೆದು ಇದನ್ನು ತಿದ್ದಬೇಡಿ. ಬರಹದಲ್ಲಿ ತಿದ್ದಿ, ಅಂಕವನ್ನೂ ಕಳೆಯಿರಿ. ಮುಂದೆ ಉದ್ಯೋಗಕ್ಕೆ ಅರ್ಜಿ ಬರೆಯುವಾಗ ಅದನ್ನು ಓದುವವರು ನಮ್ಮಷ್ಟು ಸಹನೆಯವರಾಗಿರುವುದಿಲ್ಲ.

ತಮ್ಮ ಸಹೋದ್ಯೋಗಿಯವರು ಪೂರ್ತಿ ತಪ್ಪಿಲ್ಲ. ‘ಹ್ಯಾವ್ ಯು ಎ ಪೆನ್’ ಎಂಬುದು ಬ್ರಿಟನ್ನಿನ ಹಿಂದಿನ ತಲೆಮಾರಿನ ಶಿಷ್ಟ ರೂಪ, ಇಂದು ಹಳತಾಗಿ ಕೇಳಿಸುತ್ತದೆ ಅಷ್ಟೇ. ಬ್ರಿಟನ್ನಿನವರು ಈಗ ಮಾತಿನಲ್ಲಿ ‘ಹ್ಯಾವ್ ಯು ಗಾಟ್’ ಎನ್ನುತ್ತಾರೆ, ‘ಡು ಯು ಹ್ಯಾವ್’ ಎಂದೂ ಧಾರಾಳವಾಗಿ ಬಳಸುತ್ತಾರೆ. ಆದರೆ ಕ್ರಿಯೆಯ ಅರ್ಥದಲ್ಲಿ ಹಳೆಯ ರೂಪ ಬ್ರಿಟನ್ನಿನಲ್ಲೂ ನಡೆಯುವುದಿಲ್ಲ. ಒಂದು ಗಂಟೆಗೆ ಊಟ ಮಾಡುತ್ತೀರಾ ಎಂದು ಕೇಳಲು ‘ಡು ಯು ಹ್ಯಾವ್ ಲಂಚ್ ಅಟ್ ಒನ್’ ಎಂದೇ ಹೇಳಬೇಕು, ‘ಹ್ಯಾವ್ ಯು ಲಂಚ್’ ಎಂದರೆ ಊಟದ ಡಬ್ಬಿ ತಂದಿದ್ದೀರಾ ಎಂದಾದೀತು. ಇದನ್ನು ಅವರಿಗೆ ತೋರಿಸಿ. ಪೆನ್ನಿನ ವಾಕ್ಯದ ಮಟ್ಟಿಗೆ ಮೂರರಲ್ಲಿ ಯಾವುದನ್ನು ಬರೆದ ವಿದ್ಯಾರ್ಥಿಗೂ ಪೂರ್ಣ ಅಂಕ ಕೊಡಬಹುದು.

— ಸಂಪಾದಕ