ಹೆಂಚು ಒಡೆದದ್ದು ಬೆಕ್ಕಲ್ಲ

ಈ ಪ್ರಕರಣ ಬರೆಯಲು ಮನೆಯವರ ಒಪ್ಪಿಗೆ ಇದೆ. ಊರು, ವಯಸ್ಸು, ಉದ್ಯೋಗ, ಬೆಕ್ಕುಗಳ ಬಣ್ಣ ಎಲ್ಲವನ್ನೂ ಬದಲಿಸಿದ್ದೇನೆ. ಬೆಕ್ಕಿನ ಬಣ್ಣ ಯಾಕೆ ಅಂತೀರಾ? ನಮ್ಮ ಹಳ್ಳಿಗಳಲ್ಲಿ ಯಾವ ಬೆಕ್ಕು ಯಾರ ಮನೆಯದು ಅಂತ ಕೇರಿಗೆಲ್ಲ ಗೊತ್ತಿರುತ್ತದೆ.

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದವರು 48ರ ಆಸುಪಾಸಿನ ಗೃಹಿಣಿ. ಮನೆ ಕಾರವಾರಕ್ಕೂ ಅಂಕೋಲೆಗೂ ನಡುವೆ, ಕಡಲಿಗೆ ಹತ್ತಿರ. ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಗಂಡನ ಅಜ್ಜ ಕಟ್ಟಿಸಿದ್ದು. ಈಗ ಅಲ್ಲಿರುವವರು ಗಂಡ, ಹೆಂಡತಿ, 80ರ ಹತ್ತಿರದ ಅತ್ತೆ, ಮತ್ತೆ ಅತ್ತೆಯ 5 ಬೆಕ್ಕು. ಮಗಳು ಮೈಸೂರಿನಲ್ಲಿ ಓದುತ್ತಾಳೆ. ಗಂಡನ ಅಣ್ಣ ಮುಂಬೈಯಲ್ಲಿ, ತಂಗಿ ಹುಬ್ಬಳ್ಳಿಯಲ್ಲಿ.

ಜುಲೈ ತಿಂಗಳು. ಕುಳಿತ ಕೂಡಲೇ ಅವರು ಹೇಳಿದ್ದು ಇಷ್ಟು: "ನಾನು ಬೆಕ್ಕಿನ ಮೇಲೆ ಬಿಸಿನೀರು ಎರಚಿದೆ ಮೇಡಂ. ತಾಗಲಿಲ್ಲ. ಆದ್ರೆ ತಾಗಲಿ ಅಂತಲೇ ಎರಚಿದ್ದು. ಅದು ಬಸುರಿ ಬೆಕ್ಕು."

ಮಾತಾಡುವಾಗ ಸೆರಗಿನಿಂದ ಬಲಗೈ ಮಣಿಕಟ್ಟು ಮುಚ್ಚಿಕೊಳ್ಳುತ್ತಿದ್ದರು. ತೆಗೆದು ತೋರಿಸಿ ಅಂದೆ. ಪರಚಿದ ಗಾಯ, ಮೇಲೆ ಅರಿಶಿನ. ಹಿಂದಿನ ಸಂಜೆಯದು. ಆಪ್ತಸಲಹೆ ಆಮೇಲೆ, ಮೊದಲು ಇದು ಅಂತ ಹೇಳಿದೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಆಮೇಲೆ ತಡ ಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ರೇಬೀಸ್ ಬರುವುದು ನಾಯಿಯಿಂದ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಬೆಕ್ಕಿನಿಂದಲೂ ಬರುತ್ತದೆ. ಮನೆಯ ಬೆಕ್ಕೇ ಆದರೂ ರಾತ್ರಿಯಿಡೀ ಕೇರಿ ಸುತ್ತುತ್ತದೆ, ಅದಕ್ಕೆ ಲಸಿಕೆ ಹಾಕಿಸಿದವರು ಯಾರು? ಅವರು ಹೋಗಿ ಸೂಜಿ ಹಾಕಿಸಿಕೊಂಡು ಮರುದಿನ ಬಂದರು.

"ಸಿಟ್ಟು ಯಾಕೆ ಬಂತು" ಅಂತ ಕೇಳಿದರೆ ಎಲ್ಲರ ಹತ್ತಿರವೂ ಒಂದು ಸಿದ್ಧ ಉತ್ತರ ಇರುತ್ತದೆ. ಅದಕ್ಕೇ ನಾನು "ಆವತ್ತು ಮಧ್ಯಾಹ್ನದ ಊಟ ಆದಮೇಲೆ ಏನೇನಾಯಿತು, ಒಂದೊಂದಾಗಿ ಹೇಳಿ" ಅಂತ ಕೇಳುತ್ತೇನೆ.

ಊಟ ಆದಮೇಲೆ ಗಾಳಿಮಳೆ ಹಿಡಿದಿತ್ತು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿ ಮೇಲೆ ನೀರು ತೊಟ್ಟಿಕ್ಕತೊಡಗಿತು. ಡಬ್ಬಿ ಸರಿಸಿ ಪಾತ್ರೆ ಇಟ್ಟರು. ನೀರು ಪಕಾಸಿನ, ಅಂದರೆ ಮಾಡಿನ ಇಳಿಜಾರು ಮರದ, ಗುಂಟ ಹರಿದು ಇನ್ನೊಂದು ಕಡೆ ಬಿತ್ತು. ನಾಲ್ಕು ಗಂಟೆಗೆ ಕರೆಂಟು ಹೋಯಿತು, ಪಕ್ಕದ ಮನೆಯಲ್ಲಿ ಇತ್ತು. ಗಂಡ ಒದ್ದೆ ಕೈಯಲ್ಲೇ ಫ್ಯೂಸು ಎಳೆದು ನೋಡಿದರು. ಅಟ್ಟದಲ್ಲಿ ಕಟ್ಟಿಟ್ಟಿದ್ದ ಒಣಮೀನಿನ ಪೊಟ್ಟಣವನ್ನು ಬೆಕ್ಕು ಕೆಡವಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಹಸಿ ಮೀನು ಅಪರೂಪ. ಮನೆಯವರಿಗೂ ಬೆಕ್ಕಿಗೂ ಒಣಮೀನಿನ ಮೇಲೇ ಕಣ್ಣು. ಸ್ವಲ್ಪ ಹೊತ್ತಿಗೆ ಮಡಚಿಟ್ಟ ಬಟ್ಟೆ ರಾಶಿಯಿಂದ ಉಚ್ಚೆ ವಾಸನೆ. ಒಲೆಯ ಮೇಲ್ಗಡೆ ಹರವಿ ಮೂರು ದಿನ ಒಣಗಿಸಿದ ಬಟ್ಟೆ ಅದು. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಅಂದರೆ ಏನು ಅಂತ ಗೊತ್ತಲ್ವಾ. ಆಗ ಅತ್ತೆ ಜಗಲಿಯಿಂದ ಹೇಳಿದರು: "ಬೆಕ್ಕಿಗೆ ಎಂತ ಗೊತ್ತು? ಮನೆ ನೋಡುವವ್ರು ನೋಡ್ಕೋಬೇಕು." ಒಲೆ ಮೇಲೆ ನೀರು ಕುದಿಯುತ್ತಿತ್ತು.

ಇಷ್ಟು ಹೇಳಿ, "ನಾನು ಇಂಥವಳಲ್ಲ ಮೇಡಂ, ನಂಗೇ ನನ್ನ ಕಂಡ್ರೆ ಹೆದರಿಕೆ ಆಯ್ತು" ಅಂತ ಅತ್ತರು.

ಮಾಡಿದ್ದನ್ನು ನಾನು ಸಣ್ಣದು ಮಾಡಿ ಹೇಳಲಿಲ್ಲ. ಅವರೂ ಅದನ್ನು ಬಯಸಿರಲಿಲ್ಲ. ಮುಂದೆ ಹಾಗೆ ಸಿಟ್ಟು ನೆತ್ತಿಗೇರಿದರೆ ಒಲೆ ಆರಿಸಿ, ಬರಿಗೈಯಲ್ಲಿ ಅಂಗಳದ ಕಡೆ ಬನ್ನಿ, ಅಡುಗೆ ಹತ್ತು ನಿಮಿಷ ತಡ ಆದರೆ ಆಗಲಿ ಅಂದೆ. ಆಮೇಲೆ ನಿದ್ದೆಯ ವಿಷಯ ಕೇಳಿದೆ. ಪಾತ್ರೆ ತುಂಬುತ್ತಿದ್ದುದರಿಂದ ರಾತ್ರಿ ಎದ್ದೆದ್ದು ನೀರು ಚೆಲ್ಲಬೇಕಿತ್ತು. ಮಳೆ ಹಿಡಿದಾಗಿನಿಂದ ಸರಿಯಾಗಿ ಮಲಗಿದ್ದೇ ಇಲ್ಲ. ಮುಟ್ಟು ಏರುಪೇರಾಗಿತ್ತು. ವೈದ್ಯರ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಮಾತ್ರೆ ಶುರುವಾಯಿತು. ಬದುಕು ಬೇಡ ಅನ್ನಿಸುತ್ತದಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಹೊತ್ತಲ್ಲದ ಹೊತ್ತಿನಲ್ಲಿ ಬೇಕಾದರೆ ಇರಲಿ ಅಂತ ಟೆಲಿ ಮಾನಸ್ ಸಹಾಯವಾಣಿಯ 14416 ಬರೆದುಕೊಟ್ಟೆ.

ಮನೆ ರಿಪೇರಿಗೂ ಆಪ್ತಸಲಹೆಗೂ ಏನು ಸಂಬಂಧ ಅಂತ ನಗುವ ಸಹೋದ್ಯೋಗಿಗಳಿದ್ದಾರೆ. ನಗಲಿ. ತಲೆ ಮೇಲೆ ನೀರು ಬೀಳುತ್ತಿರುವವರಿಗೆ ದೀರ್ಘ ಉಸಿರಾಟ ಹೇಳಿಕೊಟ್ಟು ಕಳಿಸುವುದು ನನಗೆ ಒಗ್ಗುವುದಿಲ್ಲ. "ಸ್ವಲ್ಪ ಹೊಂದಿಕೊಂಡು ಹೋಗಿ" ಅನ್ನುವುದಂತೂ ಇನ್ನೂ ಕೆಟ್ಟದ್ದು. ಈಕೆ ಹೊಂದಿಕೊಂಡಿದ್ದರಿಂದಲೇ ಇಲ್ಲಿಯವರೆಗೆ ಬಂದದ್ದು.

ಮೊದಲ ಸಲಹೆ ಕರೆಂಟಿನದು. ಮಾಡು ಸೋರುವ ಮನೆಯಲ್ಲಿ ನೀರು ವೈರಿನ ಮೇಲೆ ಇಳಿದರೆ ಮೆಯಿನ್ ಸ್ವಿಚ್ ಆಫ್ ಮಾಡುವುದು, ಒಣ ಕೈ, ಕಾಲಲ್ಲಿ ಚಪ್ಪಲಿ, ಫ್ಯೂಸಿಗೆ ಕೈ ಹಾಕುವುದು ವೈರ್‌ಮ್ಯಾನ್ ಮಾತ್ರ. ಆತ ಬಂದು ನೋಡಿದಾಗ ಅಟ್ಟದಲ್ಲಿ ಇಲಿ ವೈರನ್ನು ತಾಮ್ರ ಕಾಣುವಷ್ಟು ಕಡಿದಿತ್ತು. ಇಲಿ ಬಂದದ್ದು ಒಣಮೀನಿಗೆ, ಬೆಕ್ಕು ಹತ್ತಿದ್ದು ಎರಡಕ್ಕೂ. ವೈರ್ ಬದಲಿಸಿ, ಅರ್ತಿಂಗ್ ಸರಿಮಾಡಿಸಿ, ಕರೆಂಟು ಸೋರಿದ ಕೂಡಲೇ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿದರು. ಒಣಮೀನು ಅಟ್ಟದಿಂದ ಇಳಿದು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ ಸೇರಿತು. ಇಲಿಪಾಷಾಣ ಇಡುವ ಯೋಚನೆ ಗಂಡನಿಗಿತ್ತು. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕೂ ಹೋಗಬಹುದು, ಆಗ ಅತ್ತೆ ಯಾರ ಕಡೆ ಬೆರಳು ತೋರಿಸುತ್ತಾರೆ ಅಂತ ನೀವೇ ಯೋಚಿಸಿ ಅಂದೆ. ಕೈಬಿಟ್ಟರು.

ಎರಡನೆಯದು ಮಾತಿನದು. ಆ ಮನೆಯಲ್ಲಿ ಏನೇ ಒಡೆದರೂ ಮೊದಲು ಬರುತ್ತಿದ್ದ ಮಾತು ಯಾರು ಅನ್ನುವುದು. "ನಿಮ್ಮ ಬೆಕ್ಕು", "ನಿನ್ನ ಅಜಾಗ್ರತೆ", "ನಿಮ್ಮ ಅಜ್ಜ ಕಟ್ಟಿಸಿದ ಅರಮನೆ". ಒಂದು ನೋಟುಪುಸ್ತಕ ಇಡಿ ಅಂದೆ. ಏನು ಹಾಳಾಯಿತು, ಎಲ್ಲಿ, ಯಾರನ್ನು ಕರೆಯಬೇಕು, ಇಷ್ಟೇ ಬರೆಯಬೇಕು. ಯಾರಿಂದ ಅನ್ನುವ ಕಾಲಂ ಇಲ್ಲ. ಅತ್ತೆಗೆ ಹೇಳಲು ಒಂದು ವಾಕ್ಯವನ್ನೂ ಜೊತೆಗೇ ಕೂತು ತಯಾರಿಸಿದೆವು: "ಅಕ್ಕಿ ಡಬ್ಬಿ ಮೇಲೆ ನೀರು ಬೀಳ್ತಾ ಇದೆ, ಇವತ್ತು ಯಾರನ್ನ ಕರೀಲಿ?" ಜಗಳಕ್ಕೆ ಅದರಲ್ಲಿ ಹಿಡಿ ಇಲ್ಲ.

ಬೆಕ್ಕಿನ ಉಚ್ಚೆಯ ಕಾರಣ ಪಶುವೈದ್ಯರಿಂದ ತಿಳಿಯಿತು. ಬೆಕ್ಕು ಒಣ ಮಣ್ಣು ಕೆರೆದು ಮುಚ್ಚುವ ಪ್ರಾಣಿ. ನಮ್ಮ ಕರಾವಳಿಯಲ್ಲಿ ಮಳೆಗಾಲವೊಂದರಲ್ಲೇ 3,000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ಜುಲೈಯಲ್ಲಿ ಅಂಗಳದಲ್ಲಿ ಕೆರೆಯಲು ಒಣ ಮಣ್ಣೆಲ್ಲಿದೆ? ಹಾಗಾಗಿ ಒಲೆಯ ಬೂದಿ, ಬಟ್ಟೆ ರಾಶಿ, ಗೋಣಿಚೀಲ ಯಾವುದಾದರೂ ಆದೀತು. ಹಳೇ ಪ್ಲಾಸ್ಟಿಕ್ ಟಬ್ಬುಗಳಲ್ಲಿ ಒಣ ಮರಳು ತುಂಬಿ, ಜಗಲಿಯ ತುದಿಯಲ್ಲಿ ಮಳೆ ಹೊಡೆಯದ ಜಾಗದಲ್ಲಿ ಬೇರೆ ಬೇರೆಯಾಗಿ ಇಡಿ ಅಂದರು. ಕಂಬಕ್ಕೆ, ಬಾಗಿಲಿಗೆ ಬಾಲ ಎತ್ತಿ ಹಾರಿಸುತ್ತಿದ್ದ ಗಂಡು ಬೆಕ್ಕಿನ ಕಥೆ ಬೇರೆ. ಅದು ಜಾಗದ ಗುರುತು ಹಾಕುವ ಕೆಲಸ, ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಮದ್ದು. ಗಂಡು ಬೆಕ್ಕು ಉಚ್ಚೆಗೆ ಕೂತು ತಿಣುಕಿದರೂ ಬರದಿದ್ದರೆ ಮಾತ್ರ ಅವತ್ತೇ ಆಸ್ಪತ್ರೆಗೆ ತನ್ನಿ, ಕಾಯಬೇಡಿ ಅಂತ ಎಚ್ಚರಿಸಿದರು.

ಇನ್ನೊಂದು ವಿಷಯ ನನಗೂ ಹೊಸದು. ಈಕೆ ವಾಸನೆಗೆ ಅಂತ ದಿನಾ ನೆಲಕ್ಕೆ ಫಿನಾಯಿಲ್ ಹಾಕುತ್ತಿದ್ದರು. ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ವಿಷವನ್ನು ಕರಗಿಸುವ ಶಕ್ತಿ ತೀರಾ ಕಡಿಮೆ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಹೊಟ್ಟೆಗೆ ಹೋಗುತ್ತದೆ. ನಮ್ಮ ಜ್ವರದ ಮಾತ್ರೆ, ಪ್ಯಾರಸಿಟಮಾಲ್, ಅದೂ ಬೆಕ್ಕಿನ ಜೀವ ತೆಗೆಯುತ್ತದೆ. ಅತ್ತೆ ಹಿಂದೆ ಒಂದು ಮರಿಗೆ ಕಾಲು ಮಾತ್ರೆ ಅರೆದು ಕುಡಿಸಿದ್ದರಂತೆ, ಅದು ಉಳಿಯಲಿಲ್ಲ. ಈಗ ಸೋಪಿನ ನೀರು, ಅದರ ಮೇಲೆ ವಿನೆಗರ್ ಬೆರೆಸಿದ ನೀರು.

ಇಷ್ಟಾದರೂ ಮಾಡು ಸೋರುತ್ತಲೇ ಇತ್ತು. ಅದಕ್ಕೆ ಗಂಡನೇ ಬರಬೇಕಿತ್ತು. ಮೊದಲು ಒಲ್ಲೆ ಅಂದರು. "ಹೆಂಡತಿಯ ವಿಷಯಕ್ಕಲ್ಲ, ಮಾಡಿನ ವಿಷಯ ಮಾತಾಡೋಣ" ಅಂತ ಹೇಳಿ ಕಳಿಸಿದ ಮೇಲೆ ಬಂದರು. ಅವರ ಪ್ರಕಾರ ಹೆಂಚು ಒಡೆಯುವುದು ಬೆಕ್ಕು. ರಾತ್ರಿ ಮಾಡಿನ ಮೇಲೆ ಓಡುತ್ತವೆ, ಜಗಳಾಡುತ್ತವೆ, ಹೆಂಚು ಸರಿಯುತ್ತದೆ. ಹೆಂಡತಿಯೂ ವರ್ಷವಿಡೀ ಇದನ್ನೇ ಕೇಳಿ ಕೇಳಿ ನಂಬಿದ್ದರು. ಬೆಕ್ಕಿನ ಮೇಲಿನ ಸಿಟ್ಟಿನಲ್ಲಿ ದೊಡ್ಡ ಪಾಲು ಅದೇ.

ಫೋಟೊ ಇದೆಯಾ ಅಂದೆ. ಮೊಬೈಲಿನಲ್ಲಿ ಇತ್ತು. ಕಪ್ಪಾದ ಹಳೇ ಹೆಂಚುಗಳ ನಡುವೆ ಕೆಂಪಗೆ ಕೆಲವು ಹೊಸ ಹೆಂಚು. ಹೊಸದರ ಅಂಚು ಹಳೆಯದರ ಕಚ್ಚಿನೊಳಗೆ ಕೂತಿಲ್ಲ, ನಡುವೆ ಬೆರಳು ತೂರುವಷ್ಟು ಬೆಳಕು. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ. ಹಳೇ ಮನೆಗೆ ಸಿಕ್ಕಿದ ಹೆಂಚು ತಂದು ಸಿಕ್ಕಿಸಿದರೆ ಹೀಗೇ ಆಗುವುದು. ಅದರ ಕೆಳಗಿನ ರೀಪು, ಅಂದರೆ ಹೆಂಚು ಕೂರುವ ಮರದ ಅಡ್ಡಪಟ್ಟಿ, ನಡುವೆ ಬಗ್ಗಿ ಹೋಗಿತ್ತು, ಉಪ್ಪುಗಾಳಿಗೆ ಮೊಳೆ ತುಕ್ಕು ಹಿಡಿದು ಪುಡಿಯಾಗಿತ್ತು. ರೀಪು ಕುಸಿದರೆ ಹೆಂಚಿನ ತುಟಿ ಮೇಲೇಳುತ್ತದೆ, ಅಡ್ಡಮಳೆ ನೇರ ಒಳಗೆ ಬರುತ್ತದೆ. ಒಂದು ಹೆಂಚೇ ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ. ರೀಪು ಗಟ್ಟಿಯಾಗಿದ್ದರೆ ಮೂರ್ನಾಲ್ಕು ಕಿಲೋದ ಬೆಕ್ಕು ಓಡಾಡಿದ್ದಕ್ಕೆ ಅದು ಒಡೆಯುವುದಿಲ್ಲ. ತೆಂಗಿನ ಹೆಡೆ ಬಿದ್ದರೆ, ಮಂಗ ಹಾರಿದರೆ, ಮನುಷ್ಯ ಹತ್ತಿ ತಪ್ಪು ಜಾಗದಲ್ಲಿ ಕಾಲಿಟ್ಟರೆ ಒಡೆಯುತ್ತದೆ.

"ಹೆಂಚಿನ ಕೆಲಸದವನು ಇದನ್ನೇ ಹೇಳಿರಬೇಕಲ್ಲ?"

ಹೇಳಿದ್ದನಂತೆ. ಹೋದ ವರ್ಷವೇ. ಅಡುಗೆಮನೆ ಕಡೆಯ ರೀಪು ಪೂರ್ತಿ ತೆಗೆಯಬೇಕು ಅಂತ. ಇವರು ಮನೆಯಲ್ಲಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

"ರೀಪು ಹಾಳಾಗಿದೆ ಅಂದ್ರೆ ಬದಲಿಸ್ಬೇಕು. ಅದಕ್ಕೆ ದುಡ್ಡು ಬೇಕು. ಅಣ್ಣನ ಹತ್ರ ಕೇಳ್ಬೇಕು. ಕೇಳಿದ್ರೆ ಹಿಸ್ಸೆ ಮಾತು ಬರ್ತದೆ. ನಾನೇ ಹಾಕಿದ್ರೆ ನಾಳೆ ಅದ್ರಲ್ಲೂ ಪಾಲು. ಅಮ್ಮ ಇರೋವರೆಗೆ ಅದೆಲ್ಲ ಬೇಡ ಅಂತ."

ಬೆಕ್ಕಿನ ಮೇಲೆ ಹಾಕಿದರೆ ಅಣ್ಣನಿಗೆ ಫೋನು ಮಾಡಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಇಂಥ ಮನೆಗಳು ಒಂದೆರಡಲ್ಲ. ಹಿಸ್ಸೆ ಆಗಿಲ್ಲ, ಆದ್ದರಿಂದ ರಿಪೇರಿ ಇಲ್ಲ. ಇರುವವರು ಖರ್ಚು ಮಾಡಲು ಹೆದರುತ್ತಾರೆ, ದೂರದಲ್ಲಿರುವವರಿಗೆ ಸೋರುವುದು ಗೊತ್ತೇ ಇರುವುದಿಲ್ಲ. ಪಾತ್ರೆ ಇಟ್ಟು ನೀರು ಚೆಲ್ಲುವವಳು ಮಾತ್ರ ಮನೆಯ ಸೊಸೆ. ಇದನ್ನು ಅವರ ಮುಖ ನೋಡಿಯೇ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. ಆದರೆ ಎದ್ದು ಹೋಗಲಿಲ್ಲ.

ಕಾನೂನಿನ ಸಲಹೆ ನನ್ನ ಕೆಲಸವಲ್ಲ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಲು ಹೇಳಿದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ, ಹಾಗಾಗಿ ಅತ್ತೆಯೂ ಕೇಳಬಹುದು, ಸೊಸೆಯೂ ಕೇಳಬಹುದು. ಗಂಡ ಲೆಕ್ಕ ಹಾಕುತ್ತಿದ್ದದ್ದು ಅಣ್ಣನೊಬ್ಬನನ್ನೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ತಂಗಿಯನ್ನು ಬಿಟ್ಟು ಮಾತಾಡಿದರೆ ಮಾತು ಮುರಿಯುತ್ತದೆ ಅಂತ ಎಚ್ಚರಿಸಿದೆ.

ಅಣ್ಣ, ತಂಗಿ ಇಬ್ಬರಿಗೂ ಒಂದೇ ಹೊತ್ತಿಗೆ ಕಳಿಸಲು ಒಂದು ಸಂದೇಶ ಬರೆದೆವು. "ಅಡುಗೆಮನೆ ಕಡೆಯ ಮಾಡು ಸೋರುತ್ತಿದೆ, ಫೋಟೊ ಕಳಿಸಿದ್ದೇನೆ. ಈಗ ತಾಡಪತ್ರಿ ಹಾಕಿಸುತ್ತೇನೆ, ಅದರ ಖರ್ಚು ನನ್ನದು. ದೀಪಾವಳಿ ಕಳೆದ ಮೇಲೆ ರೀಪು ಬದಲಿಸಬೇಕು. ಅಂದಾಜು ಪಟ್ಟಿ ಕಳಿಸುತ್ತೇನೆ, ಬಿಲ್ಲುಗಳನ್ನೂ ಇಡುತ್ತೇನೆ. ಚೌತಿಗೆ ಬಂದಾಗ ಮೂವರೂ ಹತ್ತಿರ ನಿಂತು ನೋಡೋಣ." ಗಣಪತಿ ಕೂರಿಸುವುದು ಈ ಮೂಲಮನೆಯಲ್ಲೇ, ಮುಂಬೈಯಿಂದ ಅಣ್ಣ ಹೇಗೂ ಬರುತ್ತಾರೆ. ತಾಡಪತ್ರಿಯನ್ನು ಹಗ್ಗದಿಂದ ಕಟ್ಟಿಸಿ, ಕಲ್ಲು ಹೇರಬೇಡಿ, ಪಾಚಿ ಹಿಡಿದ ಹೆಂಚಿನ ಮೇಲೆ ನೀವೇ ಹತ್ತುವ ಸಾಹಸ ಬೇಡ ಅಂತಲೂ ಹೇಳಿದೆ.

ಅತ್ತೆ ಒಮ್ಮೆ ಜೊತೆಗೆ ಬಂದಿದ್ದರು. "ಬೆಕ್ಕಿನ ಡಾಕ್ಟ್ರು ನೀವೇ ಏನು?" ಅಂತ ಕೇಳಿದರು. ಸೊಸೆಯ ಬಗ್ಗೆ ದೂರು ಹೇಳಲಿಲ್ಲ. "ಇವ್ರೆಲ್ಲ ಅವರವರ ಕೆಲ್ಸದಲ್ಲಿ ಇರ್ತ್ರು. ಮಧ್ಯಾಹ್ನ ನನ್ನ ಹತ್ರ ಬಂದು ಕೂರೋದು ಅವೇ" ಅಂದರು. ಆದರೆ ರೀಪಿನ ವಿಷಯ ಕೇಳಿ ಮಗನ ಕಡೆ ತಿರುಗಿ, "ಹಿಸ್ಸೆ ಮಾಡೂಕೆ ನಾನು ಸಾಯೂದನ್ನ ಕಾಯ್ತಿದ್ಯಾ?" ಅಂತ ಕೇಳಿಬಿಟ್ಟರು. ಯಾವ ಮಾತು ಅಮ್ಮನಿಗೆ ನೋವಾಗುತ್ತದೆ ಅಂತ ಈತ ಮುಚ್ಚಿಟ್ಟಿದ್ದರೋ, ಅಮ್ಮ ಅದನ್ನು ಆಗಲೇ ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದರು.

ಚೌತಿ ಮುಗಿದ ಮೇಲೆ ಗಂಡ ಹೆಂಡತಿ ಮತ್ತೆ ಬಂದರು. ತಾಡಪತ್ರಿ ಹಿಡಿದಿದೆ, ರಾತ್ರಿ ಪಾತ್ರೆ ಇಡಬೇಕಾಗಿಲ್ಲ, ಆಕೆಗೆ ನಿದ್ದೆ ಬರುತ್ತಿದೆ. ಬಸುರಿ ಬೆಕ್ಕು ಮರಿ ಹಾಕಿದೆ. ಗಂಡು ಬೆಕ್ಕಿನ ಶಸ್ತ್ರಚಿಕಿತ್ಸೆ ಆಗಿದೆ, ಮರಿಗಳು ಹಾಲು ಬಿಟ್ಟಮೇಲೆ ಹೆಣ್ಣಿನ ಸರದಿ. ಮರಳಿನ ಟಬ್ಬು ಬದಲಿಸುವುದು ಗಂಡನ ಪಾಲಿಗೆ ಬಿದ್ದಿದೆ, ಗೊಣಗುತ್ತಾ ಮಾಡುತ್ತಾರಂತೆ. ಆಕೆಗೆ ಬೆಕ್ಕೆಂದರೆ ಈಗಲೂ ಇಷ್ಟವಿಲ್ಲ. ಇಷ್ಟ ಆಗಲೇಬೇಕು ಅಂತೇನೂ ಇಲ್ಲ ಅಂದಾಗ ಹಗುರಾದರು.

ಅಣ್ಣ ರೀಪಿನ ಖರ್ಚಿನಲ್ಲಿ ಅರ್ಧ ಕೊಡಲು ಒಪ್ಪಿದ್ದಾರೆ. ತಂಗಿ ಮುನಿಸಿಕೊಂಡಿದ್ದಾರೆ. ಸಂದೇಶವನ್ನು ಇಬ್ಬರಿಗೂ ಒಟ್ಟಿಗೆ ಕಳಿಸಿ ಅಂದಿದ್ದೆ, ಗಂಡ ಅಣ್ಣನಿಗೆ ಹಿಂದಿನ ರಾತ್ರಿಯೇ ಫೋನು ಮಾಡಿ ಹೇಳಿಬಿಟ್ಟಿದ್ದರು, ಅದು ತಂಗಿಗೆ ಗೊತ್ತಾಗಿದೆ. ದೀಪಾವಳಿಗೆ ಮೊದಲು ಗಂಡ ಹುಬ್ಬಳ್ಳಿಗೆ ಹೋಗಿ ತಂಗಿಯ ಮನೆಯಲ್ಲೇ ಕೂತು ಮಾತಾಡಬೇಕು, ಅಂದಾಜು ಪಟ್ಟಿಯನ್ನು ಅಣ್ಣನಿಗೆ ಕಳಿಸುವ ಮೊದಲು ಅಲ್ಲಿ ತೋರಿಸಬೇಕು ಅಂತ ಹೇಳಿದ್ದೇನೆ. ಹಿಸ್ಸೆಯ ಮಾತುಕತೆಗೆ ಅತ್ತೆಯೂ ಇರುತ್ತಾರೆ. ಅದು ಅವರೇ ಹಾಕಿದ ಷರತ್ತು.